ಜಪಾನಿನ ಫುಟ್‌ಬಾಲಿಗೆ ಶಕುನವಾದ ಸತ್ಯಭಾಮಾ

ತಮ್ಮ ಬದರಿನಾಥ ಆಫೀಸಿಗೆ ಹೊರಡುವ ಹೊತ್ತಿಗೆ ಸತ್ಯಭಾಮಾ ಹಿತ್ತಿಲಿಗೆ ಹೋಗಿಬಿಡಬೇಕು. ಹಾಗಂತ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಬದರಿನಾಥನ ಹೆಂಡತಿ ಅಲಮೇಲು ನಡುಮನೆಯಲ್ಲಿ ನಿಂತು ಒಮ್ಮೆ ಕೆಮ್ಮುತ್ತಿದ್ದಳು, ಅಷ್ಟೇ. ಹೊರಟಾಗ ವಿಧವೆ ಎದುರಾದರೆ ಕೆಲಸ ಕೆಡುತ್ತದಂತೆ. ಆಗಿನ ಜಯನಗರದಲ್ಲಿ ಮನೆಗಿಂತ ಖಾಲಿ ಸೈಟುಗಳೇ ಹೆಚ್ಚು. ಆ ನಿಶ್ಶಬ್ದದಲ್ಲಿ ಅವಳ ಕೆಮ್ಮು ರಸ್ತೆ ದಾಟಿ ಎದುರು ಮನೆಯ ನನಗೂ ಕೇಳಿಸುತ್ತಿತ್ತು. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ಸತ್ಯಭಾಮಾಗೆ ಹದಿನೈದಕ್ಕೇ ಮದುವೆ. ಗಂಡ ಪುಣೆಯಲ್ಲಿ ಗುಮಾಸ್ತ. ಮದುವೆಯಾಗಿ ವರ್ಷದ ಮೇಲೆ ಒಳ್ಳೆಯ ದಿನ ನೋಡಿ ಬಸವನಗುಡಿಯ ಅತ್ತೆಮನೆಗೆ ಕರೆಸಿಕೊಂಡರು. ಗಂಡನೂ ಆ ವಾರ ಬರಬೇಕಿತ್ತು. ಶುಕ್ರವಾರ ಬೆಳಿಗ್ಗೆ ಇವರು ಬಲಗಾಲಿಟ್ಟು ಹೊಸ್ತಿಲು ದಾಟಿದರು. ಮಧ್ಯಾಹ್ನ ತಂತಿ ಬಂತು, ಗಂಡ ಜ್ವರದಲ್ಲಿ ತೀರಿಕೊಂಡನೆಂದು. ಹುಡುಗಿಯ ಕಾಲ್ಗುಣ ಎಂದರು. ತವರಿಗೆ ವಾಪಸು ಕಳಿಸಿದರು. ತವರಿನಿಂದ ತಮ್ಮನ ಸಂಸಾರದ ಜೊತೆ ಜಯನಗರಕ್ಕೆ ಬಂದಾಗ ಆ ಮಾತೂ ಜೊತೆಗೇ ಬಂತು.

ಸಾವಿರದ ಒಂಬೈನೂರ ಅರವತ್ತೈದರಲ್ಲಿ ಅವರ ಪಕ್ಕದ ಬಾಡಿಗೆ ಮನೆಗೆ ಜಪಾನಿನ ಗಂಡ ಹೆಂಡತಿ ಬಂದರು. ಗಂಡ ಯಾವುದೋ ಕಾರ್ಖಾನೆಗೆ ಯಂತ್ರ ಕೂಡಿಸಲು ಬಂದವನು, ಬೆಳಗಾದರೆ ಹೊರಟುಬಿಡುತ್ತಿದ್ದ. ಹೆಂಡತಿ ಯೋಶಿಕೊ ಇಡೀ ದಿನ ಒಬ್ಬಳೇ. ಈ ಮನೆಯಲ್ಲಿ ಇಷ್ಟು ಜನರ ನಡುವೆ ಸತ್ಯಭಾಮಾನೂ ಒಬ್ಬರೇ. ಕಾಂಪೌಂಡಿನ ಮೇಲಿಂದ ಕರಿಬೇವು ಕೊಟ್ಟರು, ಆಮೇಲೆ ಆ ಮನೆಗೇ ಹೋಗಿ ಸಾರು ಮಾಡುವುದನ್ನು ಹೇಳಿಕೊಟ್ಟರು. “ಮೊದಲು ಎಣ್ಣೆ, ಆಮೇಲೆ ಸಾಸಿವೆ.” ಯೋಶಿಕೊ ಕಲಿತ ಕನ್ನಡವೆಲ್ಲ ಒಗ್ಗರಣೆಯ ಕನ್ನಡವೇ.

ಹಿಂದಿನ ವರ್ಷ ಟೋಕಿಯೋ ಒಲಿಂಪಿಕ್ಸಿನಲ್ಲಿ ಜಪಾನಿನ ಫುಟ್‌ಬಾಲ್ ತಂಡ ಅರ್ಜೆಂಟೀನಾವನ್ನು ಸೋಲಿಸಿತ್ತು. ಆ ಹುರುಪಿನಲ್ಲಿ ಅವರ ದೇಶದಲ್ಲಿ ಮೊದಲ ಲೀಗ್ ಶುರುವಾಗಿತ್ತು. ಎಂಟು ತಂಡಗಳು, ಎಲ್ಲವೂ ಕಂಪನಿಗಳವು, ಆಡುವವರು ಅಲ್ಲಿನ ನೌಕರರು. ಒಂದು ತಂಡಕ್ಕೆ ಯೋಶಿಕೊಳ ತಮ್ಮ ಗೋಲ್‌ಕೀಪರ್. ಆಟದ ಸುದ್ದಿಯಿದ್ದ ಪತ್ರಿಕೆಗಳನ್ನು ಅವಳ ತಾಯಿ ಕಟ್ಟಿ ಅಂಚೆಗೆ ಹಾಕುತ್ತಿದ್ದಳು. ಇಲ್ಲಿಗೆ ತಲುಪಲು ಎರಡು ಮೂರು ವಾರ ಬೇಕು.

ಮೊದಲ ಕಟ್ಟು ಬಿಚ್ಚಿದಾಗ ಸತ್ಯಭಾಮಾ ಅಲ್ಲೇ ಕೂತಿದ್ದರು. ತಮ್ಮನ ತಂಡ ಗೆದ್ದಿತ್ತು. ಎರಡನೆಯದನ್ನು ಯೋಶಿಕೊ ಒಬ್ಬಳೇ ಬಿಚ್ಚಿದಳು, ಸೋತಿತ್ತು. ಅಲ್ಲಿಂದ ಮುಂದೆ ಕಟ್ಟು ಬಂದರೆ ಗೇಟಿನ ಹತ್ತಿರ ನಿಂತು “ಬನ್ನಿ, ಬನ್ನಿ” ಎಂದು ಕರೆಯುತ್ತಿದ್ದಳು. ಸತ್ಯಭಾಮಾ ಎದುರಿಗೆ ಕೂರುವವರೆಗೆ ದಾರ ಮುಟ್ಟುತ್ತಿರಲಿಲ್ಲ.

“ನಮ್ಮ ಅತ್ತಿಗೆ ಮುಖ ನೋಡಿದ್ರೆ ಗೆಲ್ತಾರಂತೆ,” ಎಂದು ಅಲಮೇಲು ಬೀದಿಗೆಲ್ಲ ಹೇಳಿ ನಕ್ಕಳು.

ನಗಲಿ ಬಿಡಿ. ಅಂಚೆಯವನ ಸೈಕಲ್ ಪಕ್ಕದ ಮನೆ ಮುಂದೆ ನಿಂತರೆ ಸತ್ಯಭಾಮಾ ತಲೆ ಬಾಚಿಕೊಂಡು ಒಗೆದ ಸೀರೆ ಉಡುತ್ತಿದ್ದರು. “ನನ್ನನ್ನ ಕಾಯ್ತಾ ಕೂತಿರ್ತಾಳೆ ಕಣೇ ಚೂಡಾಮಣಿ,” ಎಂದು ಒಮ್ಮೆ ನನಗೆ ಹೇಳಿದರು. ಅವರ ಮುಖದಲ್ಲಿ ಅಂಥ ಸಂತೋಷ ನಾನು ನೋಡಿರಲಿಲ್ಲ. ಆ ಸಂತೋಷದ ಹಿಂದೆಯೇ ಭಯವೂ ಇತ್ತು. ಒಂದು ಸಲ ತನ್ನೆದುರಿಗೇ ಸೋತರೆ ಇವಳೂ ಕರೆಯುವುದನ್ನು ಬಿಡುತ್ತಾಳೆ ಎಂಬ ಭಯ.

ನವೆಂಬರ್ ಕೊನೆಗೆ ಕಡೆಯ ಆಟದ ಕಟ್ಟು ಬಂತು. ಸತ್ಯಭಾಮಾ ಹನುಮಂತನಗರದ ಗುಡ್ಡ ಹತ್ತಿ, ಆಂಜನೇಯನಿಗೆ ಕೈಮುಗಿದು ಬಂದು ಕೂತರು. ಯೋಶಿಕೊ ಓದುತ್ತ ಓದುತ್ತ ಪತ್ರಿಕೆ ಕೆಳಗಿಟ್ಟಳು. ಒಂದು ಕೈಯಲ್ಲಿ ನಾಲ್ಕು ಬೆರಳು ತೋರಿಸಿ ಇನ್ನೊಂದು ಕೈ ಬರಿದು ಎಂದು ಅಲ್ಲಾಡಿಸಿದಳು. ತಮ್ಮ ನಾಲ್ಕು ಗೋಲು ಬಿಟ್ಟಿದ್ದ.

ಸತ್ಯಭಾಮಾ ಎದ್ದು ನಿಂತರು. “ನಾನು ಬರಬಾರದಿತ್ತು. ನನ್ನ ಕಾಲ್ಗುಣವೇ ಅಂಥದ್ದು.”

ಮಾತು ತಿಳಿಯದಿದ್ದರೂ ಕಣ್ಣೀರು ತಿಳಿಯುತ್ತದಲ್ಲ. ಯೋಶಿಕೊ ಅವರ ಕೈ ಹಿಡಿದು ಗೋಡೆಯ ಕ್ಯಾಲೆಂಡರಿನ ಹತ್ತಿರ ಕರೆದುಕೊಂಡು ಹೋದಳು. ತಿಂಗಳ ಮೊದಲಿನ ಒಂದು ಭಾನುವಾರದ ಮೇಲೆ ಬೆರಳಿಟ್ಟಳು, ಆಮೇಲೆ ಕಟ್ಟು ಬಿಚ್ಚಿದ ಆ ದಿನದ ತಾರೀಖಿನ ಮೇಲೆ. ತನಗೆ ಬರುತ್ತಿದ್ದ ಕನ್ನಡದಲ್ಲೇ ಹೇಳಿದಳು: “ಆಟ ಮೊದಲು. ನೀವು ಆಮೇಲೆ.”

ಅಂದು ಸತ್ಯಭಾಮಾ ಅಲ್ಲಿಂದ ನೇರ ನಮ್ಮ ಮನೆಗೆ ಬಂದರು. ನೀರು ಕೊಟ್ಟರೆ ಕುಡಿಯಲಿಲ್ಲ.

“ತಂತೀಲಿ ಬುಧವಾರ ಅಂತಿತ್ತು ಕಣೇ. ಅವರು ಬುಧವಾರಾನೇ ಹೋಗಿದ್ರು. ವಿಳಾಸ ಹುಡುಕಿ ತಂತಿ ಕೊಡೋಷ್ಟರಲ್ಲಿ ತಡ ಆಯ್ತು ಅಂತ ಆಗಲೇ ಹೇಳಿದ್ರು. ನಾನು ಹೊಸ್ತಿಲು ದಾಟಿದ್ದು ಶುಕ್ರವಾರ. ಆ ತಂತೀನ ಎಲ್ರೂ ಓದಿದ್ರು, ಚೂಡಾಮಣಿ. ನಾನೂ ಓದಿದ್ದೆ.”

ಆ ಮಾತನ್ನು ಹೋಗಿ ಹೇಳೋಣವೆಂದರೆ ಅತ್ತೆಮನೆಯ ಹಿರಿಯರು ಒಬ್ಬರೂ ಉಳಿದಿರಲಿಲ್ಲ. ಸಂಜೆ ಸತ್ಯಭಾಮಾ ತಮ್ಮ ಬದರಿನಾಥನಿಗೆ ಹೇಳಿದರು.

“ಅದೆಲ್ಲಾ ಈಗ್ಯಾಕಕ್ಕಾ?” ಎಂದು ಅವನು ಕೈ ತೊಳೆಯಲು ಎದ್ದುಹೋದ.

ಡಿಸೆಂಬರಿನಲ್ಲಿ ಯಂತ್ರದ ಕೆಲಸ ಮುಗಿದು ಯೋಶಿಕೊ ಗಂಡನ ಜೊತೆ ಊರಿಗೆ ಹೋದಳು. ಪಕ್ಕದ ಮನೆಗೆ ಬೀಗ ಬಿತ್ತು. ಸತ್ಯಭಾಮಾ ಮತ್ತೆ ಇಡೀ ದಿನ ಯಾರ ಹತ್ತಿರವೂ ಮಾತಿಲ್ಲದೆ ಓಡಾಡುವುದು ನನಗೆ ಕಾಣುತ್ತಿತ್ತು.

ಮುಂದಿನ ಸೋಮವಾರ ಬದರಿನಾಥ ಹೊರಡುವ ಹೊತ್ತಿಗೆ ಅಲಮೇಲು ಕೆಮ್ಮಿದಳು. ಸತ್ಯಭಾಮಾ ಹಿತ್ತಿಲಿಗೆ ಹೋಗಲಿಲ್ಲ. ಮುಂದಿನ ಗೇಟು ತೆರೆದು ಅದರ ಪಕ್ಕ ನಿಂತರು. ಬದರಿನಾಥ ಬಾಗಿಲಿಗೆ ಬಂದವನು ನೋಡಿ ಒಳಗೆ ಹೋದ, ಶಾಸ್ತ್ರದಂತೆ ಕೂತು ನೀರು ಕುಡಿದು ಮತ್ತೆ ಬಂದ. ಅಕ್ಕ ಅಲ್ಲೇ ಇದ್ದರು.

“ಹೋಗ್ಬಾ ಬದರಿ,” ಎಂದರು.

ಅವನು ತಲೆ ತಗ್ಗಿಸಿದ. ಸೈಕಲ್ ತಿರುಗಿಸಿಕೊಂಡು ಹಿತ್ತಿಲ ಬಾಗಿಲಿನಿಂದ ಹೋದ. ಸತ್ಯಭಾಮಾ ಗೇಟು ಹಿಡಿದುಕೊಂಡು ಒಬ್ಬರೇ ನಿಂತಿದ್ದರು.