ಚೀನಾದವರ ಪೆಟ್ಟಿಗೆ ಕೇಳಿ ಬರುತ್ತಿದ್ದ ಮನುಷ್ಯ

ನಾನು ಕೆಲಸ ಮಾಡುವ ಲೈಬ್ರರಿಯಲ್ಲಿ ಹೆಚ್ಚು ಜನ ಬಾರದ ಒಂದು ಕೋಣೆಯಿದೆ. ಹತ್ತೊಂಬತ್ತನೆಯ ಶತಮಾನದ ಅಮೆರಿಕದ ರಾಜಕಾರಣಿಗಳ ಭಾಷಣಗಳು ಅಲ್ಲಿ ಬೂದು ಬಣ್ಣದ ರಟ್ಟಿನ ಪೆಟ್ಟಿಗೆಗಳಲ್ಲಿವೆ. ದಪ್ಪ ಪುಸ್ತಕಗಳಲ್ಲ, ತೆಳ್ಳನೆಯ ಕಿರುಹೊತ್ತಿಗೆಗಳು. ಆಗಿನ ಸಂಸದರು ವಾಷಿಂಗ್ಟನ್ನಿನಲ್ಲಿ ಆಡಿದ ಮಾತನ್ನು ಅಚ್ಚು ಹಾಕಿಸಿ ತಮ್ಮ ಊರಿನ ಮತದಾರರಿಗೆ ಅಂಚೆಯಲ್ಲಿ ಕಳಿಸುತ್ತಿದ್ದರಂತೆ. ಕೆಲವನ್ನು ಪಡೆದವರು ಬಿಡಿಸಿಯೂ ನೋಡಿಲ್ಲ. ಹಾಳೆಗಳ ಅಂಚು ಕತ್ತರಿಸದೆ ಇನ್ನೂ ಹಾಗೇ ಕೂಡಿಕೊಂಡಿವೆ.

ಮೈಸೂರಿನಲ್ಲಿ ಲೈಬ್ರರಿ ಸೈನ್ಸ್ ಓದಿದ್ದ ನಾನು, ಮಗಳು ಶಾಲೆಗೆ ಹೋಗತೊಡಗಿದ ಮೇಲೆ ಅಮೆರಿಕದ ಈ ಲೈಬ್ರರಿಗೆ ಸೇರಿದೆ. ಒಂದೊಂದೇ ಭಾಷಣವನ್ನು ತೆಗೆದು, ಯಾವುದರ ಬಗ್ಗೆ ಎಂದು ನೋಡಿ ಕಂಪ್ಯೂಟರಿಗೆ ಸೇರಿಸುವುದು ನನ್ನ ಕೆಲಸ. ತೆರಿಗೆ, ರೈಲ್ವೆ, ಬೆಳ್ಳಿ ನಾಣ್ಯ, ಗುಲಾಮಗಿರಿ. ಒಂದು ಪೆಟ್ಟಿಗೆಯ ತುಂಬ ಮಾತ್ರ ಚೀನಾದವರನ್ನು ಈ ದೇಶಕ್ಕೆ ಬಿಡಬಾರದು ಎನ್ನುವ ಭಾಷಣಗಳೇ.

ಆ ಮನುಷ್ಯ ಬಂದಾಗಲೆಲ್ಲ ಕೇಳುತ್ತಿದ್ದುದು ಆ ಪೆಟ್ಟಿಗೆಯನ್ನು.

ಎಪ್ಪತ್ತರ ಆಸುಪಾಸಿನ ಬಿಳಿಯ. ಎತ್ತರದ ಆಳು, ಒರಟು ಬಟ್ಟೆಯ ಜಾಕೆಟ್ಟು. ಬೇರೆಯವರು ಫೋನಿನಲ್ಲಿ ಫೋಟೋ ತೆಗೆದುಕೊಂಡು ಹೋದರೆ ಈತ ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತಿದ್ದ. ಬರೆಯುತ್ತ ಬರೆಯುತ್ತ ಅಲ್ಲಲ್ಲಿ ನಿಂತು, ತುಟಿ ಅಲ್ಲಾಡಿಸಿ, ಆಮೇಲೆ ನಗುತ್ತಿದ್ದ. ಆ ನಗು ನನಗೆ ಸರಿಬರಲಿಲ್ಲ. ಅವನು ಓದುತ್ತಿದ್ದ ಹಾಳೆಗಳಲ್ಲಿ ಏನಿದೆಯೆಂದು ನನಗೆ ಗೊತ್ತಿತ್ತು. ಒಂದೇ ಕೋಣೆಯಲ್ಲಿ ಗುಂಪಾಗಿ ಮಲಗುತ್ತಾರೆ, ಕಡಿಮೆ ಕೂಲಿಗೆ ದುಡಿದು ನಮ್ಮವರ ಅನ್ನ ಕಿತ್ತುಕೊಳ್ಳುತ್ತಾರೆ, ಎಷ್ಟು ಕಾಲ ಇದ್ದರೂ ನಮ್ಮವರಾಗುವುದಿಲ್ಲ. ನಗುವಂಥದ್ದು ಏನಿದೆ?

ಒಂದು ದಿನ ಪೆಟ್ಟಿಗೆ ತಂದಿಟ್ಟಾಗ ಆತ ತಲೆಯೆತ್ತಿ, "ನೀನು ಈ ಕಡೆಗೆ ಬಂದು ಎಷ್ಟು ವರ್ಷವಾಯಿತು?" ಎಂದು ಕೇಳಿದ. ಎಲ್ಲರೂ ಕೇಳುವ ಪ್ರಶ್ನೆಯೇ. ಆದರೆ ಆ ಹಾಳೆಗಳನ್ನು ಮುಂದಿಟ್ಟುಕೊಂಡು ಯಾರೂ ಕೇಳಿರಲಿಲ್ಲ. "ಬಹಳ ವರ್ಷ ಆಯಿತು" ಎಂದಷ್ಟೇ ಹೇಳಿ ಒಳಗೆ ಬಂದೆ. ಅಂದಿನಿಂದ ಆತ ಎದ್ದು ಹೋದ ಕೂಡಲೇ ಪೆಟ್ಟಿಗೆ ತೆರೆದು ಎಲ್ಲ ಇವೆಯೇ ಎಂದು ನೋಡತೊಡಗಿದೆ. ಎಂದೂ ಒಂದೂ ಕಡಿಮೆಯಾಗಿರಲಿಲ್ಲ. ಅದರಿಂದ ನನ್ನ ಅನುಮಾನವೇನೂ ಕಡಿಮೆಯಾಗಲಿಲ್ಲ.

ನಮ್ಮ ವಿಭಾಗದ ಮುಖ್ಯಸ್ಥೆ ಚೀನೀ ಮೂಲದವರು. ಅವರ ಮುತ್ತಜ್ಜ ಇಲ್ಲಿಯ ಹೊಲಗಳಲ್ಲಿ ದುಡಿದವರು. ಅವರ ಹತ್ತಿರ ಹೋಗಿ, ಈ ಮನುಷ್ಯ ಇವನ್ನೆಲ್ಲ ಯಾತಕ್ಕೆ ಬರೆದುಕೊಳ್ಳುತ್ತಿದ್ದಾನೋ ಗೊತ್ತಿಲ್ಲ, ಎಲ್ಲಾದರೂ ಹಾಕಿ ಜನರನ್ನು ಎತ್ತಿಕಟ್ಟಿದರೆ ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಕೇಳಿದ್ದನ್ನು ಕೊಡು. ಯಾತಕ್ಕೆ ಎಂದು ಕೇಳುವುದು ನಮ್ಮ ಕೆಲಸವಲ್ಲ."

"ನಿಮಗೆ ಏನೂ ಅನಿಸುವುದಿಲ್ಲವೇ?"

"ಅನಿಸುತ್ತದೆ. ಆದರೂ ಕೊಡು."

ರಾತ್ರಿ ಊಟದ ಹೊತ್ತಿಗೆ ಗಂಡನಿಗೆ ಹೇಳಿದೆ. ನಮ್ಮವರು ಹಾಸನದ ಕಡೆಯವರು. ಕೊಲ್ಲಿಯ ಆಚೆ ದಡದ ನೆವಾರ್ಕ್‌ನಲ್ಲಿ ಕೆಲಸ, ದಿನಾ ಸೇತುವೆ ದಾಟಿ ಹೋಗಿ ಬರುತ್ತಾರೆ.

"ನಿಂಗೆ ಎಲ್ಲರ ಮೇಲೂ ಡೌಟು ಕಣೇ" ಎಂದು ನಕ್ಕರು. "ಯಾರೋ ರಿಟೈರ್ ಆಗಿರೋ ಪ್ರೊಫೆಸರ್ರು ಇರ್ಬೇಕು ಬಿಡು."

ಆಗ ಅವರ ತಲೆಯಲ್ಲಿದ್ದುದು ಬೇರೆ ವಿಷಯ. ನಮ್ಮ ಮನೆಯ ಹತ್ತಿರ, ರೈಲ್ವೆ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ, ಕಡಿಮೆ ಸಂಬಳದವರಿಗೆಂದು ದೊಡ್ಡ ಅಪಾರ್ಟ್‌ಮೆಂಟು ಕಟ್ಟುವುದಾಗಿ ಸುದ್ದಿಯಿತ್ತು. ಬೀದಿಯವರ ವಾಟ್ಸಾಪ್ ಗುಂಪಿನಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಅದೇ ಮಾತು. ಪಾರ್ಕಿಂಗು ಸಿಗುವುದಿಲ್ಲ, ಶಾಲೆ ತುಂಬಿಹೋಗುತ್ತದೆ, ಎಂಥೆಂಥವರು ಬರುತ್ತಾರೋ. ಊರಿನ ಕೌನ್ಸಿಲ್ಲು ಜನರ ಅಭಿಪ್ರಾಯ ಕೇಳುವ ಸಂಜೆ ನಾವಿಬ್ಬರೂ ಹೋದೆವು. ನನಗೆ ಯಾವ ಕಡೆ ಎಂದು ಇನ್ನೂ ತೀರ್ಮಾನವಾಗಿರಲಿಲ್ಲ. ಅವರಿಗೆ ಆಗಿತ್ತು, ಬೇಡವೆಂದು.

ಸಭೆ ತುಂಬಿತ್ತು. ಹೆಸರು ಕೊಟ್ಟವರು ಒಬ್ಬೊಬ್ಬರಾಗಿ ಮೈಕಿನ ಮುಂದೆ ಹೋಗಿ ಸ್ವಲ್ಪ ಹೊತ್ತು ಮಾತಾಡಿ ಬರುತ್ತಿದ್ದರು. ಹಾಗೆ ಎದ್ದು ಹೋದವರಲ್ಲಿ ಅವನನ್ನು ಕಂಡೆ. ಅದೇ ಜಾಕೆಟ್ಟು. ಕೈಯಲ್ಲಿ ಮಡಿಸಿದ ಕಾಗದ.

"ರೀ, ಅವನೇ" ಎಂದು ಗಂಡನ ತೋಳು ಹಿಡಿದೆ. ಅವರು ಅವನ ಕಡೆಯೇ ನೋಡುತ್ತಿದ್ದರು, ನನ್ನ ಮಾತು ಕಿವಿಗೆ ಬಿದ್ದಂತೆ ಕಾಣಲಿಲ್ಲ.

ಆತ ಚೆನ್ನಾಗಿ ಓದಿದ. ಏರಿಳಿತವಿದ್ದ, ತುಂಬಿದ ದನಿ. ಈ ಊರನ್ನು ಕಟ್ಟಿದವರು ಬೆವರು ಸುರಿಸಿದ್ದಾರೆ ಎಂದ. ಬರುವವರ ಮೇಲೆ ನಮಗೆ ದ್ವೇಷವಿಲ್ಲ, ಆದರೆ ಅವರು ಬದುಕುವ ರೀತಿ ಬೇರೆ ಎಂದ. ಇಕ್ಕಟ್ಟಿನಲ್ಲಿ ಇರುವುದು ಅವರಿಗೆ ಅಭ್ಯಾಸ, ನಮ್ಮ ಮಕ್ಕಳು ಯಾಕೆ ಅದಕ್ಕೆ ಬೆಲೆ ತೆರಬೇಕು ಎಂದ. ಹಿಂದಿನ ಸಾಲಿನಿಂದ ಚಪ್ಪಾಳೆ ಶುರುವಾಯಿತು. ಆಮೇಲೆ ಎಲ್ಲ ಕಡೆಯಿಂದ. ನನ್ನ ಪಕ್ಕದಿಂದಲೂ. ಆ ವಾಕ್ಯಗಳು ನನಗೆ ಗೊತ್ತಿದ್ದವು, ಎಲ್ಲಿ ಓದಿದ್ದೆನೆಂದೂ ಗೊತ್ತಿತ್ತು.

ಚಪ್ಪಾಳೆ ನಿಲ್ಲುವವರೆಗೂ ಆತ ಕಾದ. ಸಭೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ನೋಡಿದ. ಆಮೇಲೆ ಹೇಳಿದ, "ಇದು ನನ್ನ ಮಾತಲ್ಲ. ನೂರು ವರ್ಷಕ್ಕೂ ಹಿಂದೆ ಚೀನಾದವರನ್ನು ಹೊರಗಿಡಬೇಕೆಂದು ಮಾಡಿದ ಭಾಷಣ. ನಾನು ಬದಲಾಯಿಸಿದ್ದು ಕೆಲವೇ ಪದಗಳನ್ನು."

ಯಾರೋ "ನಾಚಿಕೆಯಾಗಬೇಕು!" ಎಂದು ಕೂಗಿದರು. ಯಾರಿಗೆ ಹೇಳಿದ್ದೋ ತಿಳಿಯಲಿಲ್ಲ. ಅಧ್ಯಕ್ಷೆ ಸಮಯ ಮುಗಿಯಿತೆಂದು ಮುಂದಿನವರನ್ನು ಕರೆದರು.

ವಾಪಸು ಬರುವಾಗ ಕಾರನ್ನು ಗಂಡ ಓಡಿಸುತ್ತಿದ್ದರು. ಮನೆಯ ತಿರುವಿನಲ್ಲಿ ನಾನೇ ಕೇಳಿದೆ. "ರೀ, ನೀವೂ ಕೈ ತಟ್ಟಿದ್ರಲ್ಲ?"

"ಎಲ್ಲರೂ ತಟ್ಟಿದ್ರು."

"ಅದಕ್ಕೇನಾ?"

"ನಾನು ಹೇಳ್ತಿರೋದು ಪಾರ್ಕಿಂಗ್ ಬಗ್ಗೆ, ಸ್ಕೂಲ್ ಬಗ್ಗೆ. ಅವನು ಬೇಕಂತ ಸಿಕ್ಕಿಸಿ ಹಾಕ್ದ. ಚೀಟಿಂಗ್ ಅದು" ಎಂದರು. ಅದೂ ಸುಳ್ಳೆನಿಸಲಿಲ್ಲ.

ಮುಂದಿನ ವಾರ ಆತ ಎಂದಿನಂತೆ ಬಂದ. ಈ ಸಲ ಕೇಳಿದ್ದು ಬೆಳ್ಳಿ ನಾಣ್ಯದ ಪೆಟ್ಟಿಗೆ. ಯಾತಕ್ಕೆ ಎಂದು ಕೇಳುವುದು ನನ್ನ ಕೆಲಸವಲ್ಲವೆಂದು ಗೊತ್ತಿದ್ದೂ ಕೇಳಿಬಿಟ್ಟೆ. "ಆ ಸಂಜೆ ಹಾಗೆ ಯಾಕೆ ಮಾಡಿದಿರಿ?"

"ನೀನೂ ಅಲ್ಲಿದ್ದೆಯಾ?" ಮುಖ ಅರಳಿತು. "ಆ ಮಾತು ಈಗಲೂ ನಡೆಯುತ್ತದೆಯೇ ಅಂತ ನೋಡಬೇಕಿತ್ತು."

"ನಡೆಯಿತಲ್ಲ. ನಿಮಗೆ ಸಂತೋಷವಾಯಿತೇ?"

ಆತ ಪೆನ್ಸಿಲನ್ನು ಹಾಳೆಗೆ ಸಮನಾಗಿ ಇಟ್ಟುಕೊಂಡ. ಚಪ್ಪಾಳೆಯ ಹೊತ್ತಿನಲ್ಲಿ ಅವನ ಮುಖದಲ್ಲಿ ನಾನು ಕಂಡದ್ದು ದುಃಖವಲ್ಲ, ಅದನ್ನು ಈಗಲೂ ಹೇಳಬಲ್ಲೆ. ಒಳ್ಳೆಯ ಕೆಲಸ ಮಾಡಿದ ಎಂದು ಮುಖ್ಯಸ್ಥೆ ಹೇಳುತ್ತಾರೆ. ಇರಬಹುದು. ಆತ ಹೋದ ಮೇಲೆ ಪೆಟ್ಟಿಗೆ ತೆರೆದು ನೋಡುವುದನ್ನು ನಾನಂತೂ ಬಿಟ್ಟಿಲ್ಲ.

ಅಪಾರ್ಟ್‌ಮೆಂಟಿಗೆ ಕೊನೆಗೆ ಒಪ್ಪಿಗೆ ಸಿಕ್ಕಿತು, ಮಹಡಿಗಳನ್ನು ಕಡಿಮೆ ಮಾಡಿ. ಯುಗಾದಿಗೆ ನಮ್ಮ ಮನೆಯಲ್ಲಿ ಸ್ನೇಹಿತರು ಸೇರಿದ್ದಾಗ ಅದರ ಮಾತು ಬಂತು. ಮಂಡ್ಯದ ಕಡೆಯ ಒಬ್ಬರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ, "ನಾವೆಲ್ಲ ಕಷ್ಟಪಟ್ಟು ಬಂದ್ವಿ. ಈಗ ಬರೋರು ನಮ್ಮ ಥರ ಅಲ್ಲ ಕಣ್ರೀ, ಎಂಥೆಂಥವರು ಬರ್ತಾರೋ" ಎಂದರು. ನಾನು ತಲೆಯೆತ್ತುವಷ್ಟರಲ್ಲಿ ಗಂಡ, "ಬೇಡ, ಆ ಮಾತು ಬಿಡಿ" ಎಂದರು.

"ಯಾಕ್ರೀ?"

"ಸುಮ್ನೆ. ಇನ್ನೊಂದು ಹಾಕ್ಸಿಕೊಳ್ಳಿ."

ಮಾತು ಬೇರೆ ಕಡೆ ಹೋಯಿತು. ಗಂಡ ಅದನ್ನು ಮನಸಾರೆ ಹೇಳಿದರೋ, ನಾನು ಎದುರಿಗೆ ಕೂತಿದ್ದೆನೆಂದು ಹೇಳಿದರೋ ನನಗೆ ತಿಳಿಯಲಿಲ್ಲ. ಪಾತ್ರೆ ತೊಳೆಯುವಾಗ ಕೇಳೋಣವೆಂದುಕೊಂಡೆ. ಕೇಳಲಿಲ್ಲ.