ಪ್ರತಿಮಾಳ ಸಾಲ, ನನ್ನ ಬರಿ

ಮೂರು ವರ್ಷದ ಹಿಂದಿನ ಮಾತು. ಆಗ ನಾನು ವಾಮದಪದವಿನಲ್ಲಿ ಒಂದು ಸಹಕಾರಿ ಸಂಘದ ಶಾಖಾ ವ್ಯವಸ್ಥಾಪಕನಾಗಿದ್ದೆ. ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ನಾನು ಓದಿದ್ದು ಎಸ್ಸೆಸ್ಸೆಲ್ಸಿ ಮಾತ್ರ. ಬೆಳಿಗ್ಗೆ ಶಟರ್ ಎತ್ತಿ ಕುಡಿಯುವ ನೀರು ತುಂಬಿಸಿಡುವ ಅಟೆಂಡರ್ ಆಗಿ ಸೇರಿದವನು. ಗುಮಾಸ್ತನಾಗಿ, ಕ್ಯಾಶಿಯರ್ ಆಗಿ, ಕೊನೆಗೆ ಗಾಜಿನ ಕೋಣೆಯೊಳಗೆ ಕುಳಿತೆ. ನನ್ನ ಕೈಯಿಂದ ಹೋದ ಸಾಲಗಳಲ್ಲಿ ಮುಳುಗಿದ್ದು ಬಹಳ ಕಡಿಮೆ. ಬೀಳ್ಕೊಡುಗೆಯ ದಿನ ಶಾಲು ಹೊದಿಸಿ ಅದನ್ನೇ ಹೊಗಳಿದರು. ಆ ಶಾಲನ್ನು ನಾನು ಈವರೆಗೆ ಕಪಾಟಿನಿಂದ ಹೊರಗೆ ತೆಗೆದಿಲ್ಲ. ಅದಕ್ಕೆ ಕಾರಣವಾದ ಒಂದು ಸಾಲದ ವಿಷಯ ಇಲ್ಲಿ ಹೇಳಬೇಕು.

ಪ್ರತಿಮಾ ನಮ್ಮ ಸಂಘದ ಸದಸ್ಯೆ. ತಾಯಿಮನೆ ಶಿರ್ತಾಡಿ, ಮದುವೆಯಾಗಿ ವಾಮದಪದವಿಗೆ ಬಂದವಳು. ಮೂಡುಬಿದಿರೆಯ ಒಂದು ಖಾಸಗಿ ಕಾಲೇಜಿನ ಆಫೀಸಿನಲ್ಲಿ ಕೆಲಸ. ಗಂಡ ದಿನೇಶ ಅಲ್ಲಿಯೇ ಶಾಲಾ ಬಸ್ಸಿನ ಚಾಲಕ. ಏಪ್ರಿಲ್ ತಿಂಗಳ ಒಂದು ಶನಿವಾರ ಇಬ್ಬರೂ ಬಂದು ನನ್ನ ಎದುರು ಕುಳಿತರು. ದಿನೇಶ ಬೈಕಿನ ಕೀಲಿಯನ್ನು ಬೆರಳಿಗೆ ಸುತ್ತುತ್ತಲೇ ಇದ್ದ. ಮಾತಾಡಿದವಳು ಪ್ರತಿಮಾ. ನಮ್ಮ ಮಾತೆಲ್ಲ ತುಳುವಿನಲ್ಲಿ; ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಶೆಟ್ರೇ, ಮುಚ್ಚಿಟ್ಟು ಪ್ರಯೋಜನ ಇಲ್ಲ. ನಮಗೆ ಮಕ್ಕಳಾಗಲಿಲ್ಲ ಅಂತ ನಿಮಗೆ ಗೊತ್ತುಂಟು. ಎರಡು ಸಲ ಐವಿಎಫ್ ಮಾಡಿಸಿ ಆಯಿತು. ನನ್ನ ದೇಹದಲ್ಲಿ ಇನ್ನು ಎಗ್ ಆಗುವುದಿಲ್ಲ ಅಂತ ಡಾಕ್ಟ್ರು ಹೇಳಿದ್ದಾರೆ. ಬೇರೆಯವರದ್ದು ತೆಗೊಳ್ಳಬೇಕು."

ಡೋನರ್ ಎಗ್ ಎಂಬ ಮಾತನ್ನು ನಾನು ಕೇಳಿದ್ದು ಅಂದೇ ಮೊದಲು. ಅವಳೇ ಬಿಡಿಸಿ ಹೇಳಿದಳು. ಇನ್ನೊಬ್ಬ ಹೆಣ್ಣು ದಾನ ಮಾಡಿದ ಅಂಡಾಣುವನ್ನು ದಿನೇಶನ ವೀರ್ಯದ ಜೊತೆ ಲ್ಯಾಬಿನಲ್ಲಿ ಸೇರಿಸಿ ಭ್ರೂಣ ಮಾಡುತ್ತಾರೆ. ಅದನ್ನು ಪ್ರತಿಮಾಳ ಗರ್ಭದಲ್ಲಿ ಇಡುತ್ತಾರೆ. ದಾನಿಯನ್ನು ಒದಗಿಸುವುದಕ್ಕೆ ಸರಕಾರದಲ್ಲಿ ನೋಂದಾಯಿಸಿದ ಬ್ಯಾಂಕ್ ಇದೆಯಂತೆ. ಆ ಹೆಂಗಸಿನ ಹೆಸರು, ಊರು ದಂಪತಿಗೆ ತಿಳಿಸುವುದಿಲ್ಲ, ಕಾನೂನೇ ಹಾಗೆ.

"ಹೊರುವುದು ನಾನೇ, ಹೆರುವುದೂ ನಾನೇ," ಎಂದಳು.

ಬೇಕಾಗಿದ್ದದ್ದು ಮೂರೂವರೆ ಲಕ್ಷ. ಮದುವೆಯ ಚಿನ್ನ ಮೊದಲ ಎರಡು ಸಲಕ್ಕೇ ಅಡವಿಟ್ಟಾಗಿತ್ತು. ಅವರ ಕೈಯಲ್ಲಿದ್ದ ವಿಮಾ ಕಾರ್ಡು ಇದಕ್ಕೆ ನಡೆಯುವುದಿಲ್ಲ ಎಂದು ಆಸ್ಪತ್ರೆಯ ಕೌಂಟರಿನಲ್ಲಿ ಹೇಳಿದ್ದರು. ಮೂಡುಬಿದಿರೆಯ ಒಂದು ಟ್ರಸ್ಟಿನವರು ಹೃದಯದ ಆಪರೇಷನ್, ಕಿಡ್ನಿ, ಬಡ ಮಕ್ಕಳ ಫೀಸು ಇವಕ್ಕೆಲ್ಲ ಸಹಾಯ ಕೊಡುತ್ತಾರೆ. ಇವರನ್ನು "ಇದು ರೋಗ ಅಲ್ಲವಲ್ಲ" ಎಂದು ಹಿಂದೆ ಕಳಿಸಿದ್ದರು. ದೋಹಾದಲ್ಲಿದ್ದ ದಿನೇಶನ ಅಣ್ಣ ಹಿಂದಿನ ಸಲವೇ ಕೊಟ್ಟಾಗಿತ್ತು. ಉಳಿದದ್ದು ನಮ್ಮ ಜಾಮೀನು ಸಾಲ.

ನಮ್ಮಲ್ಲಿ ಜಾಮೀನು ಸಾಲಕ್ಕೆ ಇಬ್ಬರು ಸದಸ್ಯರು ಸಹಿ ಹಾಕಬೇಕು. ಸಾಲಗಾರ ಕಟ್ಟದಿದ್ದರೆ ಅವರು ಕಟ್ಟಬೇಕು. ಇಬ್ಬರಲ್ಲಿ ಒಬ್ಬನಾದರೂ ಜಮೀನಿದ್ದವನಾಗಿರಬೇಕು. ಇದು ಬೈಲಾದಲ್ಲಿ ಇಲ್ಲ, ಆದರೆ ನಿರ್ದೇಶಕರು ಬಿಡುವುದಿಲ್ಲ. ಒಂದು ಜಾಮೀನಿಗೆ ದಿನೇಶನ ಗೆಳೆಯ ಹಮೀದ್ ಒಪ್ಪಿದ್ದ. ವಾಮದಪದವಿನಲ್ಲೇ ಟಯರ್ ಅಂಗಡಿ ಇಟ್ಟವನು. ಅವನು ಬಂದು ನಿಂತುಕೊಂಡೇ ಸಹಿ ಹಾಕಿದ. ಯಾವುದಕ್ಕೆ ಎಂದು ಕೇಳುವುದಿಲ್ಲವೇ ಎಂದೆ. "ಆಸ್ಪತ್ರೆಗೆ ಅಂತ ಹೇಳಿದ್ದಾನೆ, ಸಾಕಲ್ವಾ? ಅವನು ನನ್ನ ಮಕ್ಕಳನ್ನು ದಿನಾ ಬಸ್ಸಿನಲ್ಲಿ ಕೂರಿಸಿ ಕರಕೊಂಡು ಹೋಗ್ತಾನೆ. ಅದಕ್ಕೆ ನಾನು ಜಾಮೀನು ಕೇಳಿದ್ದೇನಾ ಮಾರಾಯ್ರೇ?" ಎಂದು ನಕ್ಕು ಹೋದ.

ಎರಡನೆಯ ಜಾಮೀನು ಪ್ರತಿಮಾಳ ಸೋದರಮಾವ ಜಗನ್ನಾಥಣ್ಣನದು. ಶಿರ್ತಾಡಿಯಲ್ಲಿ ತೋಟ, ನಮ್ಮಲ್ಲಿ ಠೇವಣಿ, ನಿರ್ದೇಶಕರ ಎದುರು ಮರ್ಯಾದೆ ಎಲ್ಲ ಇದ್ದ ಮನುಷ್ಯ. ಚಿಕಿತ್ಸೆಗೆ ಸಾಲ ಎಂದಷ್ಟೇ ಕೇಳಿ ಒಪ್ಪಿದ್ದರು.

"ಮಾವನಿಗೆ ಇಷ್ಟೆಲ್ಲ ವಿವರ ಬೇಡ ಶೆಟ್ರೇ," ಎಂದು ಪ್ರತಿಮಾ ಏಳುವಾಗ ಹೇಳಿದಳು. "ಮಗು ಕೈಗೆ ಬಂದ ಮೇಲೆ ನಾನೇ ಹೇಳ್ತೇನೆ."

"ನನಗೆ ಬಿಡು," ಎಂದೆ.

ಜಾಮೀನುದಾರನ ಸಹಿಯನ್ನು ಅವನ ಮನೆಗೇ ಹೋಗಿ ತೆಗೆದುಕೊಳ್ಳುವುದು ನನ್ನ ಪದ್ಧತಿ. ಸಂಘದಲ್ಲಿ ಹಾಕಿದ ಸಹಿಯನ್ನು ಆಮೇಲೆ "ಅದು ನನ್ನದಲ್ಲ" ಎನ್ನುವವರಿದ್ದಾರೆ. ಮನೆಯವರ ಎದುರು ಚಹಾ ಕುಡಿದು ಹಾಕಿದ ಸಹಿಯನ್ನು ಯಾರೂ ಅಲ್ಲಗಳೆಯುವುದಿಲ್ಲ. ಸೋಮವಾರ ಶಿರ್ತಾಡಿಗೆ ಹೋದೆ. ಜಗನ್ನಾಥಣ್ಣ ಕನ್ನಡಕ ಏರಿಸಿ ಪೆನ್ನು ತೆಗೆದರು. ಒಂದು ಸಹಿ ಹಾಕಿಯೂ ಆಯಿತು. ಇನ್ನೊಂದು ಪುಟ ತಿರುಗಿಸುವಾಗ ಸುಮ್ಮನೆ ಕೇಳಿದರು: "ಎಂಥ ಚಿಕಿತ್ಸೆ ಅದು? ಮೊದಲಿನದೇ?"

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಡಾಕ್ಟರರಿಗೆ ಗೊತ್ತು ಎಂದಿದ್ದರೂ ಸಾಕಿತ್ತು. ನಾನು ಹೇಳಿಬಿಟ್ಟೆ. ಅಂಡಾಣು ಬೇರೆಯವರದು, ಯಾರದೆಂದು ತಿಳಿಯುವುದಿಲ್ಲ ಎಂದೆ. ಅಷ್ಟಕ್ಕೂ ನಿಲ್ಲಿಸಲಿಲ್ಲ. "ಬರಿಯ ವಿಷಯ ಒಂದು ಉಂಟಲ್ಲ ಜಗನ್ನಾಥಣ್ಣ, ನೀವು ಹಿರಿಯರು, ಗೊತ್ತಿರಲಿ ಅಂತ ಹೇಳಿದೆ," ಎಂದು ಸೇರಿಸಿದೆ.

ಹೊರಗಿನವರಿಗೆ ಇದನ್ನು ವಿವರಿಸಬೇಕು. ನಾವು ಬಂಟರು ಅಳಿಯಕಟ್ಟಿನವರು. ನಮ್ಮಲ್ಲಿ ಕುಲ ತಂದೆಯಿಂದಲ್ಲ, ತಾಯಿಯಿಂದ ಬರುತ್ತದೆ. ಆ ಕುಲದ ಹೆಸರೇ ಬರಿ. ತಾಯಿಯ ಬರಿಯೇ ಮಕ್ಕಳ ಬರಿ. ಒಂದೇ ಬರಿಯ ಗಂಡು ಹೆಣ್ಣು ಅಣ್ಣ ತಂಗಿಯರಿದ್ದಂತೆ, ಮದುವೆ ಕೂಡದು. ಜಗನ್ನಾಥಣ್ಣನ ಕುಟುಂಬದ ಕವಲಿನಲ್ಲಿ ಮುಂದಿನ ತಲೆಮಾರಿನ ಹೆಣ್ಣು ಪ್ರತಿಮಾ ಒಬ್ಬಳೇ. ಅವಳಿಗೆ ಮಗುವಾದರೆ ಮನೆಗೆ ಮುಂದುವರಿಕೆ. ಆ ಮಗುವಿಗಾಗಿ ಅವಳಷ್ಟೇ ಕಾದವರು ಈ ಮಾವ.

ಅವರು ಪೆನ್ನಿನ ಮುಚ್ಚಳ ಹಾಕಿದರು.

"ಬಾಲೆದ ಬರಿ ಓವು ಸೇಸಪ್ಪ?" ಮಗುವಿನ ಬರಿ ಯಾವುದು ಎಂದು ನನ್ನನ್ನೇ ಕೇಳಿದರು. "ನಾಳೆ ಸಂಬಂಧ ನೋಡುವಾಗ ಕೇಳಿದರೆ ಎಂಥ ಹೇಳುವುದು? ತಿಳಿಯದೆ ಒಂದೇ ಬರಿಯೊಳಗೆ ಕೊಟ್ಟರೆ? ಇಲ್ಲ ಮಾರಾಯ. ನನ್ನ ಕೈಯಿಂದ ಆಗುವ ಕೆಲಸ ಅಲ್ಲ ಇದು."

ಹಾಕಿದ ಸಹಿಯನ್ನೂ ಹೊಡೆದು ಹಾಕಿದರು. ಒಳಗೆ ಪ್ರತಿಮಾಳ ತಾಯಿ ಇದ್ದರು. ಚಹಾ ತರಲು ಹೋದವರು ಹೊರಗೆ ಬರಲೇ ಇಲ್ಲ.

ಮರುದಿನ ನಾನು ಬಾಗಿಲಿಗೆ ಬರುವ ಮೊದಲೇ ಪ್ರತಿಮಾ ಸಂಘದ ಮೆಟ್ಟಿಲಿನಲ್ಲಿ ನಿಂತಿದ್ದಳು. ಗಲಾಟೆ ಮಾಡಲಿಲ್ಲ.

"ಅಮ್ಮ ಫೋನಿನಲ್ಲಿ ಅಳುತ್ತಿದ್ದಾರೆ. ಒಂದು ಕೇಳ್ತೇನೆ ಶೆಟ್ರೇ. ಸಾಲ ಕೊಡುವ ನಿಮಗೆ ಬರಿ ಎಂತಕ್ಕೆ? ಒಂದೊಂದು ಬರಿಗೆ ಒಂದೊಂದು ಬಡ್ಡಿ ಉಂಟಾ?"

"ಜಾಮೀನು ಹಾಕುವವರಿಗೆ ತಿಳಿಸುವುದು ನನ್ನ ಕರ್ತವ್ಯ," ಎಂದೆ. ನನ್ನ ಸ್ವರ ನನಗೇ ಹಿಡಿಸಲಿಲ್ಲ.

"ಹಮೀದಣ್ಣನಿಗೆ ತಿಳಿಸಿದಿರಾ?"

ನಾನು ಕಿಸೆಯಲ್ಲಿ ಬೀಗದ ಕೀಲಿ ಹುಡುಕಿದೆ.

"ಡೋನರ್ ಸಿಕ್ಕಿ ಆಗಿದೆ. ಈ ತಿಂಗಳ ಒಳಗೆ ಮುಂಗಡ ಕಟ್ಟದಿದ್ದರೆ ಬೇರೆಯವರಿಗೆ ಕೊಡ್ತಾರೆ. ನನಗೆ ಮೂವತ್ತೊಂಬತ್ತು. ನೀವು ಕರ್ತವ್ಯ ಮಾಡಿ ಆಯಿತಲ್ಲ, ನಾನು ಬಸ್ಸಿಗೆ ಹೋಗ್ತೇನೆ."

ಆ ದಿನದಿಂದ ಕುರ್ಚಿ ನನ್ನನ್ನು ಹಿಡಿದಿಡಲಿಲ್ಲ. ಕೂತರೆ ಏಳಬೇಕು, ಎದ್ದರೆ ಎಲ್ಲಿಗೆಂದು ತಿಳಿಯದು. ಬೆಳ್ತಂಗಡಿಯ ಪ್ರಧಾನ ಕಚೇರಿಗೆ ಹೋಗಿ, ಜಮೀನಿನವನ ಜಾಮೀನು ಬಿಟ್ಟು ಈ ಸಾಲ ಕೊಡಬಹುದೇ ಎಂದು ಕೇಳಿದೆ. "ಜಮೀನಿಲ್ಲದೆ ಕೊಡಬೇಡಿ ಅಂತ ಪ್ರತಿ ಮೀಟಿಂಗಿನಲ್ಲಿ ಹೇಳುವವರು ನೀವೇ ಅಲ್ವಾ?" ಎಂದು ಕಾರ್ಯದರ್ಶಿ ನಕ್ಕರು. ನಾನೇ ಜಾಮೀನು ಹಾಕುತ್ತೇನೆ ಎಂದರೆ ನೌಕರರು ಹಾಕುವಂತಿಲ್ಲ ಎಂದರು. ಮೂಡುಬಿದಿರೆಗೆ ಹೋಗಿ ಟ್ರಸ್ಟಿನವರನ್ನು ಕಂಡೆ. ಅದೇ ಉತ್ತರ. ಗೊತ್ತಿದ್ದ ಇಬ್ಬರು ಜಮೀನಿನವರ ಮನೆಬಾಗಿಲಿಗೂ ಹೋದೆ. ಸ್ವಂತ ಮಾವನೇ ಹಾಕದ ಜಾಮೀನನ್ನು ನಾವು ಹೇಗೆ ಹಾಕುವುದು ಎಂದರು. ವಿಷಯ ನನಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ಅದನ್ನು ಹೊರಡಿಸಿದವನು ನಾನು.

ಈಗ ಹೇಳಲೇಬೇಕಾದ ಮಾತಿಗೆ ಬರುತ್ತೇನೆ. ನನ್ನ ತಾಯಿಯ ತಾಯಿ ನಮ್ಮ ಮನೆಯಲ್ಲಿ ಹುಟ್ಟಿದವಳಲ್ಲ. ಹೆಣ್ಣುಸಂತಾನ ನಿಂತುಹೋಗಿದ್ದ ಮನೆಗೆ ನೆರಿಯದ ಕಡೆಯಿಂದ ತಂದ ಕೂಸು. ಹೆತ್ತವರು ಯಾರೆಂದು ತಂದವರಿಗೂ ಸರಿಯಾಗಿ ಗೊತ್ತಿರಲಿಲ್ಲವಂತೆ. ಮನೆಯ ಹಿರಿಯ ಹೆಂಗಸು ಕೂಸನ್ನು ಮಡಿಲಲ್ಲಿ ಕೂರಿಸಿಕೊಂಡು, ದೈವದ ಎದುರು ಬರಿಯ ಹೆಸರು ಹೇಳಿ, ಇವಳು ನಮ್ಮವಳು ಎಂದಳಂತೆ. ಅಲ್ಲಿಗೆ ಅವಳು ಆ ಬರಿಯವಳಾದಳು. ಅವಳಿಂದ ನನ್ನ ತಾಯಿ, ತಾಯಿಯಿಂದ ನಾನು ಮತ್ತು ನನ್ನ ತಂಗಿ. ನಾನು ಹತ್ತನೆಯ ತರಗತಿಯಲ್ಲಿರುವಾಗ ತಾಯಿ ಇದನ್ನು ನನಗೆ ಹೇಳಿ, ಹೊರಗೆ ಬಾಯಿ ಬಿಡಬಾರದೆಂದು ಕೈಮೇಲೆ ಕೈ ಹಾಕಿಸಿದ್ದರು.

ನಾನು ಬಾಯಿ ಬಿಡಲಿಲ್ಲ. ಅದಕ್ಕಿಂತ ಕೆಟ್ಟದ್ದು ಮಾಡಿದೆ. ಯಾರ ಮನೆಯ ಸಂಬಂಧದ ಮಾತಿಗೆ ಹೋದರೂ ಮೊದಲು ಬರಿ ಕೇಳುತ್ತಿದ್ದವನು ನಾನು. ಕೇಳುವವನನ್ನು ಯಾರೂ ಕೇಳುವುದಿಲ್ಲ ಎಂದು ನನಗೆ ಬೇಗ ತಿಳಿದಿತ್ತು. ಶಿರ್ತಾಡಿಯ ಆ ಚಾವಡಿಯಲ್ಲಿ ನನ್ನ ಬಾಯಿಂದ ಬಂದದ್ದು ಕರ್ತವ್ಯವಲ್ಲ, ಹಳೆಯ ಚಾಳಿ.

ತಿಂಗಳು ಮುಗಿಯುತ್ತಾ ಬಂದಾಗ ಮತ್ತೆ ಶಿರ್ತಾಡಿಗೆ ಹೋದೆ. ಹೋಗುವ ಮೊದಲು, ಅಜ್ಜಿಯ ವಿಷಯ ಅಲ್ಲಿ ಹೇಳುತ್ತೇನೆ ಎಂದು ತಂಗಿಗೆ ತಿಳಿಸಿದೆ. ಅವಳ ಮಗಳನ್ನು ಕೊಟ್ಟದ್ದು ಜಗನ್ನಾಥಣ್ಣನ ಸಂಬಂಧದವರಿಗೇ. "ನಿನ್ನ ತಪ್ಪು ತೊಳೆಯಲಿಕ್ಕೆ ನನ್ನ ಮಗಳ ಸಂಸಾರದ ನೀರು ಬೇಕಾ?" ಎಂದಳು. ಅವಳ ಮಾತು ಸರಿಯಾಗಿಯೇ ಇತ್ತು. ಆದರೂ ಹೋದೆ.

ಜಗನ್ನಾಥಣ್ಣ ಕುಳಿತುಕೋ ಎನ್ನಲಿಲ್ಲ. ನಿಂತೇ ಎಲ್ಲ ಹೇಳಿದೆ. ಮುಗಿದ ಮೇಲೆ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು.

"ಹಾಗಾದರೆ ನೀನು ಯಾರು ಮಾರಾಯ?"

"ನಿಮಗೆ ನಲವತ್ತು ವರ್ಷದಿಂದ ಗೊತ್ತಿರುವ ಸೇಸಪ್ಪನೇ."

"ನಮ್ಮ ಹುಡುಗನಿಗೆ ಹೆಣ್ಣು ಕೊಡುವಾಗ ನಮ್ಮ ಬರಿಯನ್ನು ಎರಡೆರಡು ಸಲ ಕೇಳಿದವ ನೀನು! ಆವತ್ತು ಪಾಯಸ ತಣ್ಣಗಾಗಿತ್ತು, ನಿನ್ನ ಪ್ರಶ್ನೆ ಮುಗಿದಿರಲಿಲ್ಲ!" ಅವರಿಗೆ ನಗು ಬಂತೋ ಸಿಟ್ಟು ಬಂತೋ ನನಗೆ ತಿಳಿಯಲಿಲ್ಲ. ಅವರಿಗೂ ತಿಳಿದಿರಲಿಕ್ಕಿಲ್ಲ. ಎದ್ದು ಅಂಗಳದ ತುದಿಯವರೆಗೆ ಹೋಗಿ ಬಂದರು. ಮತ್ತೆ ಹೋದರು.

"ಮಡಿಲಲ್ಲಿ ಕೂರಿಸಿಕೊಂಡರೆ ಬರಿ ಬರುತ್ತದೆ ಅಂತಾದರೆ," ಎಂದು ಒಳಗಿನಿಂದ ಪ್ರತಿಮಾಳ ತಾಯಿಯ ಸ್ವರ ಬಂತು, "ಹೊಟ್ಟೆಯಲ್ಲಿ ಇಟ್ಟುಕೊಂಡರೆ ಬರುವುದಿಲ್ಲವಾ ಅಣ್ಣ?"

ಜಗನ್ನಾಥಣ್ಣ ಅಂಗಳದ ತುದಿಯಲ್ಲೇ ನಿಂತರು. ನನ್ನ ಕಡೆ ತಿರುಗದೆ ಹೇಳಿದರು: "ಕಾಗದ ಇಟ್ಟು ಹೋಗು."

ಸಹಿ ಬಂತು. ಆದರೆ ತಡವಾಗಿ ಬಂತು. ಅಷ್ಟರಲ್ಲಿ ಆಸ್ಪತ್ರೆಯವರು ಕೊಟ್ಟ ಗಡುವು ಮುಗಿದು, ಆ ದಾನಿ ಬೇರೆ ದಂಪತಿಗೆ ಹೋಗಿಯಾಗಿತ್ತು. ಸಾಲ ಮಂಜೂರಾಗಿ ಹಣ ಖಾತೆಗೆ ಬಿದ್ದ ದಿನ ಪ್ರತಿಮಾ ಮಾತಿಲ್ಲದೆ ಸಹಿ ಹಾಕಿ ಹೋದಳು. ಇನ್ನೊಬ್ಬ ದಾನಿ ಸಿಗುವವರೆಗೆ ಅವಳು ಮತ್ತೆ ಸುಮಾರು ಒಂದು ವರ್ಷ ಕಾಯಬೇಕಾಯಿತು. ಅಷ್ಟರಲ್ಲಿ ನಾನು ನಿವೃತ್ತನಾದೆ. ನನ್ನ ತಂಗಿ ಮನೆಗೆ ಬರುವುದನ್ನು ಬಿಟ್ಟಳು. ಅವಳ ಮಗಳನ್ನು ಗಂಡನ ಮನೆಯಲ್ಲಿ ಯಾರೂ ಏನೂ ಅನ್ನಲಿಲ್ಲ. ಆದರೂ ತಂಗಿಯ ಕೋಪ ಇಳಿದಿಲ್ಲ.

ನಾಲ್ಕು ದಶಕದ ಕೆಲಸ ನನಗೆ ಕಲಿಸಿದ್ದನ್ನು ನಾನು ಕೆಲಸ ಬಿಡುವ ಹೊತ್ತಿಗೆ ಕಲಿತೆ. ಜಾಮೀನು ಹಾಕುವವನು ತಿಳಿಯಬೇಕಾದದ್ದು ಸಾಲ ತೀರುತ್ತದೆಯೋ ಇಲ್ಲವೋ ಎಂಬುದಷ್ಟೇ. ಹಣ ಕೇಳಲು ಬಂದವರು ಅವಮಾನವನ್ನು ಹೇಗೋ ನುಂಗಿಕೊಂಡೇ ಬಂದಿರುತ್ತಾರೆ. ಬೇಕಾದ್ದಕ್ಕಿಂತ ಒಂದು ಪ್ರಶ್ನೆ ಹೆಚ್ಚು ಕೇಳುವವನು, ಒಂದು ಮಾತು ಹೆಚ್ಚು ಆಡುವವನು, ಅವರ ಮನೆಯ ಬಾಗಿಲನ್ನು ಬೀದಿಗೆ ತೆರೆದಿಟ್ಟಂತೆ. ಹೊಸದಾಗಿ ಸೇರುವ ಹುಡುಗರಿಗೆ ಇದನ್ನು ಯಾರಾದರೂ ಹೇಳಬೇಕು.

ಕಳೆದ ತಿಂಗಳು ವಾಮದಪದವಿನ ಬಸ್ ನಿಲ್ದಾಣದಲ್ಲಿ ಪ್ರತಿಮಾ ಸಿಕ್ಕಿದಳು. ಕೈಯಲ್ಲಿ ಆಸ್ಪತ್ರೆಯ ಫೈಲು ಇತ್ತು. ನನ್ನ ನಾಲಗೆಯ ತುದಿಯಲ್ಲಿ ಪ್ರಶ್ನೆ ಇತ್ತು. ಬಿಸಿಲು ಜೋರು ಎಂದಷ್ಟೇ ಹೇಳಿದೆ.

"ಏನೂ ಕೇಳುವುದಿಲ್ಲವಾ ಶೆಟ್ರೇ?"

"ಇಲ್ಲ."

"ಮೊದಲನೆಯದು ನಿಲ್ಲಲಿಲ್ಲ," ಎಂದು ಅವಳೇ ಹೇಳಿದಳು. "ಇನ್ನೂ ಎರಡು ಭ್ರೂಣ ಫ್ರೀಜರಿನಲ್ಲಿ ಇಟ್ಟಿದ್ದಾರೆ. ಮುಂದಿನ ತಿಂಗಳು ಇನ್ನೊಮ್ಮೆ. ಕಂತು ಒಂದೂ ಬಾಕಿ ಇಲ್ಲ, ಹೆದರಬೇಡಿ."

ಬಸ್ಸು ಬಂತು. ಅವಳು ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿದಳು.

"ಮಗು ಆದರೆ ಊರಿನವರು ಬರಿ ಕೇಳ್ತಾರೆ."

"ನಿನ್ನದೇ ಅಲ್ವಾ," ಎಂದೆ.

"ಅದು ನನಗೆ ಗೊತ್ತುಂಟು," ಎಂದಳು. "ಕೇಳಿದವರಿಗೆ ನೀವು ಹೇಳಬೇಕು. ಶುರು ಮಾಡಿದವರು ನೀವಲ್ವಾ?"

ಹೇಳುತ್ತೇನೆ ಎಂದೆ. ಕಂಡಕ್ಟರ್ ಸೀಟಿ ಊದಿದ. ಅವಳಿಗೆ ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ. ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ.