ತೂಕದಕ್ಕನ ‘ಚ’

ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿದವರೆಲ್ಲ ಡಾಕ್ಟರ ಮುಖ ನೋಡುವ ಮೊದಲು ತೂಕದಕ್ಕನ ಮುಖ ನೋಡಬೇಕು. ಇಪ್ಪತ್ತಮೂರು ವರ್ಷದಿಂದ ಆಕೆ ಅದೇ ತೂಕದ ಯಂತ್ರದ ಪಕ್ಕ, ಒಂದು ಕೈ ಮುರಿದ ಅದೇ ಕುರ್ಚಿಯಲ್ಲಿ ಕೂತಿದ್ದಾಳೆ. ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿಲ್ಲ. ಹಾಜರಿ ಪುಸ್ತಕ ತರುವ ಗುಮಾಸ್ತನೂ “ತೂಕದಕ್ಕಾ, ಸೈನ್ ಹಾಕಿ” ಅನ್ನುತ್ತಾನೆ. ಮುಳ್ಳು ಎಂಬತ್ತು ದಾಟಿದ ಕೂಡಲೇ ಗಂಡಸರು ಜೇಬಿನಿಂದ ಬೀಗದಕೈ ತೆಗೆದು ಮೇಜಿನ ಮೇಲಿಡುತ್ತಾರೆ, ಹೆಂಗಸರು ಉಸಿರು ಬಿಗಿಹಿಡಿಯುತ್ತಾರೆ. ಉಸಿರು ಹಿಡಿದರೆ ತೂಕ ಇಳಿಯುವುದಿಲ್ಲ ಎಂದು ಹೇಳಿ ಹೇಳಿ ಅಕ್ಕನ ಬಾಯಿ ಸವೆದಿದೆ.

ಯಂತ್ರದ ಹಿಂದಿನ ಗೋಡೆಗೆ ಒಂದು ಬೋರ್ಡು: ‘ಪಾದರಕ್ಷೆ ಬಿಟ್ಟು ನಿಲ್ಲತಕ್ಕದ್ದು.’ ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಕ್ಕ ಇದನ್ನು ಚಾಚೂ ತಪ್ಪದೆ ಪಾಲಿಸಿದಳು. ಒಂದು ದಿನ ತುಂಬ ದಪ್ಪಗಿದ್ದ ಒಬ್ಬ ಟೀಚರು ಚಪ್ಪಲಿಯ ಪಟ್ಟಿ ಬಿಚ್ಚಲು ಬಗ್ಗಿ, ಮುಗ್ಗರಿಸಿ, ಗೋಡೆ ಹಿಡಿದು ಹೇಗೋ ಎದ್ದರು. ಸಾಲಿನಲ್ಲಿದ್ದವರು ನಕ್ಕರು. ಟೀಚರು ಚೀಟಿ ಅಲ್ಲೇ ಬಿಟ್ಟು ಹೊರಟುಹೋದವರು ಮತ್ತೆ ಬರಲಿಲ್ಲ. ನಕ್ಕವರಲ್ಲಿ ತಾನೂ ಒಬ್ಬಳು ಎಂಬುದು ಅಕ್ಕನನ್ನು ಇವತ್ತಿಗೂ ಚುಚ್ಚುತ್ತದೆ. ಅಂದಿನಿಂದ ಬಗ್ಗಲಾರದವರು ಬಂದರೆ, “ಇರ್ಲಿ ಬಿಡಿ, ಹಾಗೇ ನಿಂತ್ಕೊಳ್ಳಿ” ಎಂದು ಮೆಲ್ಲಗೆ ಹೇಳುತ್ತಾಳೆ. ಚಪ್ಪಲಿ ಸಮೇತ ತೂಗಿದ್ದಕ್ಕೆ ಗುರುತಾಗಿ ರಿಜಿಸ್ಟರಿನ ಅಂಚಿನಲ್ಲಿ ಪುಟ್ಟದೊಂದು ‘ಚ’ ಬರೆಯುತ್ತಾಳೆ. ನಿಯಮಕ್ಕೆ ವಿರುದ್ಧ, ನಿಜ. ಆದರೆ ಇಷ್ಟು ವರ್ಷ ಆ ರಿಜಿಸ್ಟರುಗಳ ಮೇಲೆ ಕಣ್ಣಾಡಿಸಿದ್ದು ಜಿರಲೆಗಳು ಮಾತ್ರ.

ಹೀಗಿರುವಾಗ ಬೊಜ್ಜಿನ ಮೂಲ ಹುಡುಕುವ ಯೋಜನೆಯೊಂದು ಬಂತು. ಅದರ ಬೆನ್ನಿಗೇ ಲ್ಯಾಪ್‌ಟಾಪ್ ಸಾಹೇಬರೂ ಬಂದರು. ಹಳೆಯ ರಿಜಿಸ್ಟರುಗಳನ್ನೆಲ್ಲ ಕಂಪ್ಯೂಟರಿಗೆ ಉಣಿಸಿದರೆ ಸಾಕಂತೆ. ಮಷಿನ್ ಲರ್ನಿಂಗ್ ಎಂಬ ವಿದ್ಯೆಯಿಂದ ಅದು ತಾನೇ ಕಲಿತು, ಯಾರು ಯಾಕೆ ದಪ್ಪಗಾಗುತ್ತಾರೆಂದು ಹೇಳುತ್ತದಂತೆ. ವಯಸ್ಸು, ಉದ್ಯೋಗ, ಹಳೆಯ ಕಾಯಿಲೆ ಎಲ್ಲ ತುಂಬಿಯಾದ ಮೇಲೆ ‘ಚ’ ಒಂದು ಉಳಿಯಿತು. ಅಕ್ಕ ಹತ್ತು ಹೆಜ್ಜೆ ಆಚೆಗೇ ಕೂತಿದ್ದಳು. ಆದರೆ ಅಷ್ಟೆಲ್ಲ ಓದಿದವರು ತೂಕ ನೋಡುವವಳನ್ನು ಹೋಗಿ ಕೇಳುವುದುಂಟೇ? ಸಾಹೇಬರು ಗುಮಾಸ್ತನನ್ನು ಕೇಳಿದರು. ಗುಮಾಸ್ತನ ಕೈಯಲ್ಲಿ ಲೋಟವಿತ್ತು. ಒಂದು ಗುಟುಕು ಹೀರಿ, “ಚ ಅಂದ್ರೆ ಚಹಾ ಇರ್ಬೇಕು ಸರ್” ಎಂದ. ಸಂಶೋಧನೆ ಅಲ್ಲಿಗೆ ಮುಗಿಯಿತು.

ಎರಡು ತಿಂಗಳಿಗೆ ಫಲಿತಾಂಶ ಬಂತು: ಬೊಜ್ಜಿಗೆ ಎಲ್ಲಕ್ಕಿಂತ ದೊಡ್ಡ ಕಾರಣ ಚಹಾ. ದೊಡ್ಡ ಡಾಕ್ಟರು ಹಿಗ್ಗಿದರು. ಹುಟ್ಟಿದಾಗಿನಿಂದ ತಾನು ಚಹಾ ಮುಟ್ಟಿಲ್ಲವೆಂದು ಅವರು ಪ್ರತಿ ಮೀಟಿಂಗಿನಲ್ಲೂ ಹೇಳುತ್ತಾರೆ. ಆ ಮೀಟಿಂಗಿಗೆ ಮೊದಲು ಅವರ ಹೊಟ್ಟೆ ಬಂದು ಆಮೇಲೆ ಅವರು ಬರುತ್ತಾರೆಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಮಾರನೆಯ ದಿನವೇ ಆದೇಶ ಹೊರಟಿತು: ಆಸ್ಪತ್ರೆಯ ಮೆಟ್ಟಿಲ ಕೆಳಗಿನ ಚಹಾ ಅಂಗಡಿ ಶನಿವಾರದೊಳಗೆ ಖಾಲಿಯಾಗಬೇಕು.

ಆ ಅಂಗಡಿ ಅಕ್ಕನ ಒಡಹುಟ್ಟಿದ ತಂಗಿಯದು. ಗಂಡ ತೀರಿಕೊಂಡ ಮೇಲೆ ಆ ಒಂದು ಸ್ಟವ್ವಿನ ಮುಂದೆ ನಿಂತೇ ಇಬ್ಬರು ಹೆಣ್ಣುಮಕ್ಕಳನ್ನು ಸಾಕುತ್ತಿದ್ದಾಳೆ.

“ನನ್ನ ಚಹಾ ಕುಡಿದು ಜನ ಊದ್ಕೊಳ್ತಾರಂತೆ ಅಕ್ಕಾ,” ಎಂದಳು ತಂಗಿ, ಆದೇಶದ ಕಾಗದ ಮುಂದೆ ಹಿಡಿದು. “ದಿನಾ ಎಂಟು ಲೋಟ ಕುಡಿಯೋ ನಾನ್ಯಾಕೆ ಹೀಗೆ ಕಡ್ಡಿ ಆಗಿದ್ದೀನಿ?”

“ಯಾವನು ಹೇಳಿದ್ದು?”

“ಕಂಪ್ಯೂಟರ್. ನಿನ್ನ ರಿಜಿಸ್ಟರಲ್ಲೇ ಚ ಅಂತ ಇದೆಯಂತಲ್ಲ.”

ಅಕ್ಕನಿಗೆ ಎಲ್ಲ ಅರ್ಥವಾಯಿತು. ಬಾಯಿ ಬಿಟ್ಟರೆ ನಿಯಮ ಮುರಿದ ತಪ್ಪು ತನ್ನ ತಲೆಗೆ; ನಿವೃತ್ತಿಗೆ ಇನ್ನೆರಡೇ ವರ್ಷ. ಬಾಯಿ ಬಿಡದಿದ್ದರೆ ತಂಗಿಯ ಹೊಟ್ಟೆಯ ಮೇಲೆ ತಾನೇ ಹೊಡೆದಂತೆ. ಮಧ್ಯಾಹ್ನ ಊಟದ ಡಬ್ಬಿ ತೆರೆದವಳು ಹಾಗೇ ಮುಚ್ಚಿದಳು. ರಿಜಿಸ್ಟರನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನೇರ ದೊಡ್ಡ ಡಾಕ್ಟರ ಕೋಣೆಗೆ ನಡೆದಳು. ಲ್ಯಾಪ್‌ಟಾಪ್ ಸಾಹೇಬರೂ ಅಲ್ಲೇ ಇದ್ದರು.

“ಸರ್, ಚ ಅಂದ್ರೆ ಚಹಾ ಅಲ್ಲ. ಚಪ್ಪಲಿ.”

ಸಾಹೇಬರು ನಕ್ಕರು. “ನಿಮಗಿದು ಅರ್ಥ ಆಗಲ್ಲಮ್ಮ. ಚ ಇದ್ದವರಲ್ಲಿ ನೂರಕ್ಕೆ ತೊಂಬತ್ತೊಂದು ಜನಕ್ಕೆ ಬೊಜ್ಜಿದೆ. ಮಷಿನ್ ತಾನಾಗೇ ಕಂಡುಹಿಡಿದಿರೋದು.”

“ಬಗ್ಗಿ ಚಪ್ಪಲಿ ಬಿಚ್ಚೋಕಾಗ್ದೇ ಇದ್ದೋರಿಗೆ ನಾನೇ ಚ ಹಾಕಿದ್ದು. ನಾನು ಕಣ್ಣಲ್ಲಿ ಕಂಡು ಬರ್ದಿದ್ದನ್ನ ನಿಮ್ಮ ಮಷಿನ್ ತಿರುಗಿಸಿ ನನಗೇ ಹೇಳ್ತಾ ಇದೆ.”

ಸಾಹೇಬರ ನಗು ಅರ್ಧಕ್ಕೇ ನಿಂತಿತು. ದೊಡ್ಡ ಡಾಕ್ಟರ ಮುಖ ಕೆಂಪಾಯಿತು. “ಚಪ್ಪಲಿ ಬಿಚ್ಚೋಕಾಗಲ್ಲ ಅಂದ್ರೇನಮ್ಮ? ಅದೆಲ್ಲ ಸೋಮಾರಿತನ. ನಿಯಮ ಅಂದ್ಮೇಲೆ ಬಿಚ್ಚಿಸ್ಬೇಕಿತ್ತು.”

ಕೋಣೆಯ ಮೂಲೆಯಲ್ಲಿ ಅವರದೇ ಹೊಳೆಯುವ ತೂಕದ ಯಂತ್ರವಿತ್ತು. ಅಕ್ಕ ಅದನ್ನು ಕಾಲಿನಿಂದಲೇ ಅವರ ಮುಂದಕ್ಕೆ ಸರಿಸಿದಳು. “ಬನ್ನಿ ಸರ್. ಬೂಟು ಬಿಚ್ಚಿ ನಿಂತ್ಕೊಳ್ಳಿ.”

ಸಾಹೇಬರು ನೋಡುತ್ತಿದ್ದರು, ಹಿಂದೆ ಸರಿಯುವಂತಿರಲಿಲ್ಲ. ಡಾಕ್ಟರು ಬಗ್ಗಿದರು. ಬೂಟಿನ ದಾರಕ್ಕೂ ಬೆರಳಿಗೂ ನಡುವೆ ಹೊಟ್ಟೆ ಅಡ್ಡ ಬಂತು. ಮೇಲೆದ್ದು ಉಸಿರೆಳೆದುಕೊಂಡು, ಕುರ್ಚಿಯ ಮೇಲೆ ಕಾಲಿಡಲು ನೋಡಿದರು. ಕಾಲು ಅಷ್ಟು ಮೇಲೇರಲಿಲ್ಲ. ಮತ್ತೆ ಬಗ್ಗಿದಾಗ ಮೇಜು ಹಿಡಿದುಕೊಳ್ಳಬೇಕಾಯಿತು. ಅಕ್ಕನಿಗೆ ನಗಬೇಕೆಂದೇ ಇತ್ತು, ನಗುವ ಹಕ್ಕೂ ಇತ್ತು. ಅಷ್ಟರಲ್ಲಿ ಗೋಡೆ ಹಿಡಿದು ಎದ್ದ ಆ ಟೀಚರು ನೆನಪಾದರು.

“ಇರ್ಲಿ ಬಿಡಿ ಸರ್,” ಎಂದಳು ಮೆಲ್ಲಗೆ, “ಹಾಗೇ ನಿಂತ್ಕೊಳ್ಳಿ.”

ಡಾಕ್ಟರು ನಿಂತರು. ನೂರಾ ಎಂಟು. ಅಕ್ಕ ರಿಜಿಸ್ಟರು ಬಿಚ್ಚಿ ಬರೆದುಕೊಂಡಳು, ಅಂಚಿನಲ್ಲಿ ‘ಚ’ ಹಾಕಿದಳು. ಆಮೇಲೆ ಕೇಳಿದಳು: “ಇದನ್ನ ಏನಂತ ಓದೋದು ಸರ್? ನೀವು ಚಹಾ ಕುಡಿಯಲ್ವಲ್ಲ.”

ಅಂಗಡಿಯ ಆದೇಶ ಸಂಜೆಗೇ ರದ್ದಾಯಿತು. ಸಾಹೇಬರು ‘ಚ’ ಕಾಲಂ ಅಳಿಸಿದ ಮೇಲೆ ಮಷಿನ್ನಿಗೆ ಹೇಳಿಕೊಳ್ಳುವಂಥದ್ದೇನೂ ಉಳಿಯಲಿಲ್ಲವಂತೆ. ಆದರೆ ನಿಯಮ ಉಲ್ಲಂಘಿಸಿದ್ದಕ್ಕೆ ಅಕ್ಕನಿಗೆ ಮೆಮೊ ಮಾತ್ರ ತಪ್ಪಲಿಲ್ಲ. ಇನ್ನೊಮ್ಮೆ ಹೀಗೆ ಮಾಡಿದರೆ ಕಠಿಣ ಕ್ರಮ ಎಂದಿತ್ತು. ಕೆಳಗೆ ದೊಡ್ಡ ಡಾಕ್ಟರದೇ ಸಹಿ.

ಮೆಮೊ ಇನ್ನೂ ಮೇಜಿನ ಮೇಲೆ ಬಿದ್ದಿರುವಾಗಲೇ ಸಾಲಿನ ಮೊದಲಿಗೆ ಭಾರಿ ಮೈಯ ಒಬ್ಬ ಹೆಂಗಸು ಬಂದಳು. ಬೋರ್ಡು ಓದಿದಳು, ತನ್ನ ಚಪ್ಪಲಿ ನೋಡಿಕೊಂಡಳು, ಹಿಂದಿದ್ದ ಜನರನ್ನೂ ನೋಡಿದಳು. ಅಕ್ಕ ಮೆಮೊವನ್ನು ಮಡಚಿ ರಿಜಿಸ್ಟರಿನ ಅಡಿಗೆ ಇಟ್ಟಳು.

“ಇರ್ಲಿ ಬಿಡಮ್ಮ, ಹಾಗೇ ನಿಂತ್ಕೊ” ಎಂದು, ಓದಿದವರಿಗೂ ಅರ್ಥವಾಗಲೆಂದು ಈ ಸಲ ಅಂಚಿನಲ್ಲಿ ದಪ್ಪ ಅಕ್ಷರದಲ್ಲಿ ಪೂರ್ತಿಯಾಗಿಯೇ ಬರೆದಳು: ಚಪ್ಪಲಿ.